ಐದನೇ ಚೂರು

ಮಾರ್ಚ್ ೪, ಮಂಗಳವಾರ
ಮಧ್ಯಾಹ್ನ ಎರಡೂವರೆ

ನನ್ನ ಮಗನಿಗೆ,

ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯ, ಒದ್ದೆ ತಲೆಯಲ್ಲಿ ಹೊರಗೆ ಹೋಗ್ತಿಲ್ಲ ಅಂತ ನಂಬಿಕೊಂಡು ಅಮ್ಮ ಬರೆಯೋದು. ಇಲ್ಲಿ ಎಲ್ಲರೂ ಕ್ಷೇಮ. ಮನೆಯ ಎರಡು ಹೂಕುಂಡ ಮಾತ್ರ ಕ್ಷೇಮವಾಗಿಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನೀನು ಹೋಗಿ ಹದಿನಾಲ್ಕು ತಿಂಗಳಾಯ್ತು, ನಾನು ಒಂದು ಪತ್ರವನ್ನೂ ಬರೀಲಿಲ್ಲ. ತಪ್ಪು ನನ್ನದೇ, ಆದರೆ ಪೂರ್ತಿ ನನ್ನದಲ್ಲ. ಮೊದಲು ಪೆನ್ನು ಸಿಗಲಿಲ್ಲ. ಪೆನ್ನು ಸಿಕ್ಕಾಗ ನಿನ್ನ ವಿಳಾಸದ ಚೀಟಿ ಸಿಗಲಿಲ್ಲ. ಚೀಟಿ ಸಿಕ್ಕಿತು ಅನ್ನುವಷ್ಟರಲ್ಲಿ ನಿಮ್ಮಪ್ಪನಿಗೆ ಕಣ್ಣಿನ ಪೊರೆ ತೆಗೆಸಬೇಕಾಯ್ತು. ಇನ್ನು ಭಾನುವಾರ ನಾಲ್ಕು ಗಂಟೆಗೆ ನೀನು ಫೋನ್ ಮಾಡಿದಾಗಲೆಲ್ಲ ನಾನು ಸ್ನಾನಕ್ಕೆ ಹೋಗಿರ್ತೀನಲ್ಲ, ಅದಕ್ಕೆ ಏನೇನೋ ಅರ್ಥ ಹಚ್ಚಬೇಡ. ವಯಸ್ಸಾದವರಿಗೆ ಆ ಹೊತ್ತಿನ ಬಿಸಿನೀರು ಒಳ್ಳೇದು.

ಇದು ದೂರಿನ ಪತ್ರ ಕಣೋ. ನಿನ್ನ ಮಗಳ ಮೇಲೆ ದೂರು. ಆ ನಿನ್ನ ಚೂಟಿಗೆ ಎಂಟು ವರ್ಷ, ಆದರೆ ನಾಲಿಗೆಗೆ ಎಂಬತ್ತು. ಇಲ್ಲಿ ನಡೆದದ್ದನ್ನು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿರ್ತಾಳೆ, ಆದರೆ ಅವಳು ಎಲ್ಲದರಲ್ಲೂ ಅರ್ಧ ನುಂಗಿ ಅರ್ಧ ಹೇಳೋಳು. ಮೊದಲಿಂದ ನನ್ನ ಬಾಯಲ್ಲೇ ಕೇಳು.

ಮಗುವಿನ ಎದೆ ಗಟ್ಟಿಯಾಗುವ ತನಕ ಎರಡು ವರ್ಷ ಶಾಲೆಯ ಧೂಳು ಬೇಡ, ಮನೆಯಲ್ಲೇ ಕಲಿಸಿ ಅಂತ ಡಾಕ್ಟರು ಹೇಳಿದರಲ್ಲ. ಶಿಕ್ಷಣ ಕಚೇರಿಯವರು ಒಂದು ದಪ್ಪ ಪುಸ್ತಕ ಕೊಟ್ಟರು. ಆರು ತಿಂಗಳಿಗೊಮ್ಮೆ ಮನೆಗೇ ಬಂದು ಪರೀಕ್ಷೆ ಮಾಡ್ತೀವಿ, ಕಲಿತಿಲ್ಲ ಅಂತ ಕಂಡರೆ ಮಾರನೇ ದಿನದಿಂದಲೇ ಶಾಲೆಗೆ ಕಳಿಸಬೇಕು ಅಂದರು. ಸರಿ, ನಾವೆಲ್ಲ ಊಟದ ಮೇಜಿನ ಸುತ್ತ ಕೂತು ವಿಷಯ ಹಂಚಿಕೊಂಡೆವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋಳು ಅಂತ ನಿನ್ನ ಹೆಂಡತಿಗೆ ವಿಜ್ಞಾನ. ಮೂವತ್ತು ವರ್ಷ ಅಂಚೆ ಹಂಚಿದವರು ಅಂತ ನಿಮ್ಮಪ್ಪನಿಗೆ ಭೂಗೋಳ. ಅವರ ಭೂಗೋಳ ನಮ್ಮ ಬಾಗಿಲಲ್ಲಿ ಶುರುವಾಗಿ ನಾಲ್ಕನೇ ಬೀದಿಯ ಬೇಕರಿಯಲ್ಲಿ ಮುಗಿಯುತ್ತೆ, ಆದರೆ ಅಷ್ಟರೊಳಗೆ ಯಾವ ಮನೆಯ ನಾಯಿ ಕಚ್ಚುತ್ತೆ ಅನ್ನೋದು ಕರಾರುವಾಕ್ಕು. ಮಹಡಿಯ ಬಾಡಿಗೆಯವರು, ಗಡಿಯಾರ ರಿಪೇರಿಯವರು, ತಾವಾಗಿಯೇ ಮುಂದೆ ಬಂದು ಲೆಕ್ಕ ತಗೊಂಡರು. ಒಂದು ವಾರ ಆದಮೇಲೆ ಹತ್ತಕ್ಕೆ ಐದು ಕೂಡಿಸಿದರೆ ಎಷ್ಟು ಅಂತ ಕೇಳಿದೆ. ಮಗು ಥಟ್ಟನೆ ಮೂರು ಅಂತು! ಹನ್ನೆರಡಾದ ಮೇಲೆ ಮತ್ತೆ ಒಂದರಿಂದ ಅಂತೆ. ಅವರಿಗೆ ಕೈಮುಗಿದು ಚಿತ್ರಕಲೆ ಕೊಟ್ಟು, ಲೆಕ್ಕವನ್ನೂ ನಿನ್ನ ಹೆಂಡತಿಯ ತಲೆಗೇ ಕಟ್ಟಿದೆವು.

ಉಳಿದದ್ದು ಇತಿಹಾಸ. ಗ್ರೀಸು, ರೋಮು, ಎರಡು ಸಾವಿರದ ಐನೂರು ವರ್ಷದ ಹಿಂದಿನದು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಶಾಲೆಗಳಿಗೆ ಮೂವತ್ತೈದು ವರ್ಷ ಯೂನಿಫಾರ್ಮ್ ಹೊಲಿದವಳು. ಶಾಲೆಯ ಬಗ್ಗೆ ನನಗೆ ಗೊತ್ತಿರೋದು ಎದೆಯ ಸುತ್ತಳತೆ, ತೋಳಿನ ಉದ್ದ, ಇಷ್ಟೇ. "ನೀನು ಹಳಬಳಲ್ಲವೇ, ನಿನಗೆ ಅದೇ ಸರಿ" ಅಂದರು ನಿಮ್ಮಪ್ಪ. ಅವರು ನನಗಿಂತ ಆರು ವರ್ಷ ದೊಡ್ಡವರು ಅನ್ನೋದು ನೆನಪಿರಲಿ.

ಪುಸ್ತಕ ತೆರೆದೆ. ಯುದ್ಧ, ಯುದ್ಧ, ಮತ್ತೆ ಯುದ್ಧ. ತಲೆ ಚಚ್ಚಿಕೊಳ್ಳುವಂತಾಯ್ತು. ಹಾಳೆ ಮಗುಚ್ತಾ ಹೋದಾಗ ರೋಮಿನವರ ಚಿತ್ರ ಸಿಕ್ಕಿತು, ಮೈತುಂಬ ಬಟ್ಟೆ. ಅಬ್ಬಾ, ಇಲ್ಲಿ ನನಗೆ ಏನೋ ಗೊತ್ತು ಅನ್ನಿಸಿ ಅಲ್ಲಿಂದಲೇ ಶುರು ಹಚ್ಚಿದೆ. ಟೋಗಾ ಅಂತಾರೆ ಅದಕ್ಕೆ. ಅರ್ಧ ಚಂದ್ರನ ಹಾಗೆ ಕತ್ತರಿಸಿದ ದೊಡ್ಡ ಬಟ್ಟೆ, ಒಂದು ಹೊಲಿಗೆ ಇಲ್ಲ, ಒಂದು ಗುಂಡಿ ಇಲ್ಲ, ಒಂದು ಕಾಜಾ ಇಲ್ಲ. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಕೇಳಬೇಡ. ಅರ್ಧ ಪ್ರಪಂಚ ಗೆದ್ದವರಿಗೆ ಒಬ್ಬ ದರ್ಜಿ ಸಿಗಲಿಲ್ಲವೇ? ಎಡಗೈಯಲ್ಲಿ ಬಟ್ಟೆ ಹಿಡಿದುಕೊಂಡೇ ಓಡಾಡಬೇಕಂತೆ, ಕೆಲಸಕ್ಕೆ ಬರೀ ಬಲಗೈ. ಎರಡು ವಾರ ಇದೇ ಪಾಠ ಆಯ್ತು.

ಸೆಪ್ಟೆಂಬರಿನಲ್ಲಿ ಕಚೇರಿಯಿಂದ ಅಧಿಕಾರಿ ಬಂದರು. ಸಣ್ಣ ಮೀಸೆ, ದೊಡ್ಡ ಬ್ಯಾಗು, ಕೂತಾಗ ಪ್ಯಾಂಟು ಮೊಣಕಾಲಿನ ಹತ್ತಿರ ಬಿಗಿಯಾಗ್ತಿತ್ತು, ಯಾರು ಹೊಲಿದದ್ದೋ ಪಾಪ. ಲೆಕ್ಕ ಕೇಳಿದರು, ಹೇಳಿದಳು. ವಿಜ್ಞಾನ ಕೇಳಿದರು, ಪಟಪಟ ಅಂತ ಹೇಳಿದಳು. ಆಮೇಲೆ, "ರೋಮ್ ಸಾಮ್ರಾಜ್ಯ ಯಾಕೆ ಬಿತ್ತಮ್ಮ?" ಅಂದರು.

"ಗುಂಡಿ ಇರಲಿಲ್ಲ ಸರ್" ಅಂದಳು ನಿನ್ನ ಮಗಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸ್ವಲ್ಪ ಬಿಡಿಸಿ ಹೇಳಮ್ಮ."

"ಒಂದು ಕೈಯಲ್ಲಿ ಬಟ್ಟೆ ಹಿಡ್ಕೊಂಡಿದ್ರೆ ಒಂದೇ ಕೈಯಲ್ಲಿ ಯುದ್ಧ ಮಾಡ್ಬೇಕಲ್ವಾ ಸರ್? ಅಜ್ಜಿ ಹೇಳಿದ್ರು."

ಅಜ್ಜಿ ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಜೋಡಿಸ್ತಿದ್ದಳು. "ಇತಿಹಾಸದಲ್ಲಿ ಬಹಳ ದುರ್ಬಲ, ಇನ್ನೊಂದೇ ಅವಕಾಶ" ಅಂತ ಬರೆದು ಕೊಟ್ಟು ಹೋದರು. ಆ ಇನ್ನೊಂದು ಅವಕಾಶ ಇದೇ ತಿಂಗಳ ಹದಿನೆಂಟಕ್ಕೆ. ಇನ್ನು ಸರಿಯಾಗಿ ಎರಡು ವಾರ ಇದೆ. ಅವತ್ತು ಇವಳು ಮತ್ತೆ ಗುಂಡಿ ಅಂದರೆ ಹತ್ತೊಂಬತ್ತಕ್ಕೆ ಅವಳನ್ನು ಆ ಧೂಳಿನ ಕಟ್ಟಡಕ್ಕೆ ಕಳಿಸಬೇಕು. ನಿನ್ನ ಹೆಂಡತಿ ಬಾಯಿಬಿಟ್ಟು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವತ್ತಿಂದ ನಾನು ಹಟಕ್ಕೆ ಬಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಪಾಠ ಮುಂಚೆ ಓದಿಕೊಳ್ಳೋದು, ಒಂಬತ್ತಕ್ಕೆ ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ ಹೇಳೋದು. ಕ್ರಿಸ್ತಪೂರ್ವ ಅಂದರೆ ವರ್ಷ ಹಿಂದುಮುಂದಾಗಿ ಇಳಿಯುತ್ತಲ್ಲ, ಅದು ನನಗೇ ಮೂರು ದಿನ ತಲೆಗೆ ಹತ್ತಲಿಲ್ಲ. ಕೊನೆಗೆ ನನ್ನ ಅಳತೆ ಟೇಪು ಕಾಪಾಡಿತು. ಒಂದು ಸೆಂಟಿಮೀಟರಿಗೆ ಹತ್ತು ವರ್ಷ ಅಂತ ಇಟ್ಟುಕೊಂಡೆ. ಎರಡು ಟೇಪು ತಂದು ಎರಡರ ಸೊನ್ನೆಯನ್ನೂ ಒಂದಕ್ಕೊಂದು ಸೇರಿಸಿ ಹೊಲಿದೆ. ಬಲಗಡೆಗೆ ಹೋದರೆ ನಮ್ಮ ಕಡೆ, ಎಡಗಡೆಗೆ ಹೋದರೆ ಅವರ ಕಡೆ. ಮಗು ಒಂದೇ ನೋಟಕ್ಕೆ ಹಿಡಿದುಬಿಟ್ಟಳು. ಟೇಪಿನ ತುಂಬ ಬಣ್ಣದ ಗುಂಡುಪಿನ್ನು ಚುಚ್ಚಿದ್ದೀವಿ, ಕೆಂಪು ಅಂದರೆ ಯುದ್ಧ, ಹಸಿರು ಅಂದರೆ ಒಳ್ಳೆಯ ಸುದ್ದಿ. ಹಸಿರು ಪಿನ್ನು ಹೆಚ್ಚು ಖರ್ಚಾಗಿಲ್ಲ.

ಅಥೆನ್ಸ್ ಚೆನ್ನಾಗಿ ನಡೀತು. ಸ್ಪಾರ್ಟಾ ಬಂದಾಗ ಮನೆ ಗಡಗಡ ಅಂತು. ಅವರು ಮಕ್ಕಳನ್ನು ಏಳು ವರ್ಷಕ್ಕೇ ಮನೆ ಬಿಡಿಸಿ ಸೈನಿಕರ ಜೊತೆ ಮಲಗಿಸ್ತಿದ್ದರಂತೆ. ನಿನ್ನ ಮಗಳು ನನಗೆ ಎಂಟಾಯ್ತು, ಒಂದು ವರ್ಷ ತಡವಾಗಿದೆ ಅಂತ ಹಾಸಿಗೆ ಬಿಟ್ಟು ಚಾಪೆ ಹಿಡಿದಳು. ದಿಂಬು ಬೇಡ, ಸಕ್ಕರೆ ಬೇಡ, ಮಾತು ಎರಡೇ ಪದದಲ್ಲಿ. "ಹಾಲು ಕುಡೀತೀಯಾ?" ಅಂದರೆ "ಸ್ಪಾರ್ಟಾ ಕುಡಿಯಲ್ಲ" ಅನ್ನೋದು. ಎರಡು ದಿನ ಮನೆಯಲ್ಲಿ ಎಷ್ಟು ನೆಮ್ಮದಿ ಇತ್ತು ಅಂದರೆ ನಿಮ್ಮಪ್ಪ, "ಈ ಪಾಠ ಇನ್ನೂ ಸ್ವಲ್ಪ ಎಳಿ" ಅಂತ ನನ್ನ ಕಿವಿಯಲ್ಲಿ ಹೇಳಿದರು.

ಮೂರನೇ ದಿನ ಅವಳು ಉಸಿರಿನ ಪಂಪನ್ನು ಕೈಯಲ್ಲಿ ಹಿಡಿದುಕೊಂಡು ಬಂದು ನಿಂತಳು. "ಅಜ್ಜಿ, ಸ್ಪಾರ್ಟಾದಲ್ಲಿ ಮಗು ಹುಟ್ಟಿದ ಕೂಡಲೆ ಹಿರಿಯರು ಬಂದು ನೋಡ್ತಿದ್ರಂತೆ. ಗಟ್ಟಿಮುಟ್ಟಾಗಿದ್ರೆ ಮಾತ್ರ ಇಟ್ಕೊತಿದ್ರಂತೆ. ನನ್ನನ್ನ ಇಟ್ಕೊತಿದ್ರಾ?"

ನಾನು ಪುಸ್ತಕ ಮುಚ್ಚಿದೆ. "ಆ ಹಿರಿಯರಿಗೆ ತಲೆ ಇರಲಿಲ್ಲ. ಸ್ಪಾರ್ಟಾ ಇಲ್ಲಿಗೆ ಮುಗೀತು" ಅಂದೆ. "ಇನ್ನೂ ಮೂರು ಪುಟ ಇದೆಯಲ್ಲ ಅಜ್ಜಿ?" ಅಂದಳು. "ಇರಲಿ. ದಿಂಬು ತಗೊಂಡು ಬಾ" ಅಂದೆ. ಅಧಿಕಾರಿಗಳು ಆ ಮೂರು ಪುಟದಿಂದಲೇ ಪ್ರಶ್ನೆ ಕೇಳಿದರೆ ನನ್ನನ್ನೇ ಶಾಲೆಗೆ ಸೇರಿಸಿಕೊಳ್ಳಲಿ.

(ಇಲ್ಲಿ ನಿಲ್ಲಿಸಿ ಎದ್ದು ಹೋಗಿದ್ದೆ. ನಿಮ್ಮಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ನಾನು ಬಾಟಲಿ ಹಿಡಿದರೆ ಸಾಕು, ಅವರು ಕಣ್ಣಿನ ಜೊತೆ ಬಾಯಿಯನ್ನೂ ತೆರೀತಾರೆ.)

ಗ್ರೀಸ್ ಆದಮೇಲೆ ರೋಮಿಗೆ ಬಂದೆವು, ಈ ಸಲ ಬಟ್ಟೆ ಬಿಟ್ಟು ಕಾನೂನಿಗೆ. ಅದೇ ನಾನು ಮಾಡಿದ ತಪ್ಪು. ಅಲ್ಲಿ ಬಡವರ ಪರವಾಗಿ ಒಬ್ಬ ಅಧಿಕಾರಿ ಇರ್ತಿದ್ದನಂತೆ. ದೊಡ್ಡವರು ಏನೇ ತೀರ್ಮಾನ ಮಾಡಲಿ, ಇವನು ಎದ್ದು ನಿಂತು "ವೀಟೋ" ಅಂದರೆ ಮುಗೀತು, ಆಗೋ ಹಾಗಿಲ್ಲ. ಮಾರನೇ ದಿನ ಬೆಳಿಗ್ಗೆ ಕಹಿ ಔಷಧಿಯ ಚಮಚ ಹಿಡಿದರೆ "ವೀಟೋ." ತಲೆಗೆ ಎಣ್ಣೆ ಅಂದರೆ "ವೀಟೋ." ನಿಮ್ಮಪ್ಪನೂ ಕಲಿತುಬಿಟ್ಟರು, ಉಪ್ಪಿಲ್ಲದ ಸಾರು ಬಡಿಸಿದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ವೀಟೋ ಅಂತಾರೆ. ನನ್ನ ಪಿತ್ತ ನೆತ್ತಿಗೇರಿತು. ಪುಸ್ತಕ ತಿರುವಿ ಹಾಕಿ ಹುಡುಕಿದೆ. ಸಿಕ್ಕಿತು! ಕಷ್ಟಕಾಲದಲ್ಲಿ ರೋಮಿನವರು ಒಬ್ಬ ಸರ್ವಾಧಿಕಾರಿಯನ್ನು ನೇಮಿಸ್ತಿದ್ದರು, ಅವನ ಮುಂದೆ ಯಾರದ್ದೂ ಏನೂ ನಡೀತಿರಲಿಲ್ಲ. "ಇವತ್ತಿಂದ ನಾನು ಸರ್ವಾಧಿಕಾರಿ" ಅಂತ ಸಾರಿದೆ.

ಚೂಟಿ ಓಡಿಹೋಗಿ ಕ್ಯಾಲೆಂಡರ್ ತಂದಳು. "ಆರೇ ತಿಂಗಳು ಅಜ್ಜಿ. ಆಮೇಲೆ ಇಳೀಬೇಕು" ಅಂತ ದಿನಾಂಕಕ್ಕೆ ಗುಂಡು ಸುತ್ತಿದಳು.

"ನಲವತ್ತು ವರ್ಷದಿಂದ ನಡೀತಿದೆಯಲ್ಲಮ್ಮ, ಅದನ್ನ ಯಾವ ಲೆಕ್ಕಕ್ಕೆ ಹಾಕ್ತೀಯ?" ಅಂದರು ನಿಮ್ಮಪ್ಪ. ನಿನ್ನ ಹೆಂಡತಿ ನಗು ತಡೆಯೋಕಾಗದೆ ಒಳಗೆ ಹೋದಳು. ಅವಳು ನಗ್ತಾಳೆ ಅನ್ನೋದೇ ನನಗೆ ಮರೆತುಹೋಗಿತ್ತು.

ಈಗ ಹೂಕುಂಡದ ವಿಷಯ. ಹದಿನೆಂಟು ಹತ್ತಿರ ಬಂತು ಅಂತ ಹೋದ ವಾರ ಮೊದಲಿಂದ ಪುನರಾವರ್ತನೆ ಶುರು ಮಾಡಿದೆ. ಶುಕ್ರವಾರ ಅಥೆನ್ಸಿನ ಗಡಿಪಾರಿನ ಪಾಠ. ಅದು ಹೀಗೆ. ಯಾರಾದರೂ ಅತಿಯಾಗಿ ಬೆಳೆದ ಅಂತ ಊರಿಗೆ ಅನ್ನಿಸಿದರೆ ಜನ ಎಲ್ಲ ಸೇರಿ, ಒಡೆದ ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕೋದು. ಆರು ಸಾವಿರ ಚೂರಾದರೂ ಬಿದ್ದಿರಬೇಕು. ಯಾರ ಹೆಸರು ಹೆಚ್ಚೋ ಅವನು ಹತ್ತು ವರ್ಷ ಊರು ಬಿಡಬೇಕು. ಅಲ್ಲಿ ಒಬ್ಬ ಸಜ್ಜನ ಇದ್ದನಂತೆ, ನ್ಯಾಯವಂತ ಅಂತ ಹೆಸರಾದವನು. ಓದುಬರಹ ಬಾರದ ಒಬ್ಬ ರೈತ, ಎದುರಿಗಿರೋದು ಯಾರು ಅಂತ ಗೊತ್ತಿಲ್ಲದೆ ಇವನ ಹತ್ತಿರವೇ ಬಂದು, ಆ ನ್ಯಾಯವಂತನ ಹೆಸರು ಬರೆದುಕೊಡು ಅಂದನಂತೆ. ಅವನು ನಿನಗೇನು ಅನ್ಯಾಯ ಮಾಡಿದ ಅಂದರೆ, ಏನೂ ಇಲ್ಲ, ಎಲ್ಲರೂ ಅವನನ್ನು ನ್ಯಾಯವಂತ ನ್ಯಾಯವಂತ ಅನ್ನೋದು ಕೇಳಿ ಕೇಳಿ ಸಾಕಾಗಿದೆ ಅಂದನಂತೆ. ಆ ಮಹಾನುಭಾವ ಸುಮ್ಮನೆ ಬರೆದುಕೊಟ್ಟ. ಪುಸ್ತಕದಲ್ಲಿ ಹಾಗಿದೆ, ನಾನು ಕಟ್ಟಿದ್ದಲ್ಲ.

ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಢಬ್ ಅಂತ ಸದ್ದಾಯ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಢಬ್. ಹೋಗಿ ನೋಡಿದರೆ ನಿಮ್ಮಪ್ಪನ ಗುಲಾಬಿಯ ಎರಡು ಕುಂಡ ಚೂರುಚೂರು, ಪಕ್ಕದಲ್ಲಿ ಸುತ್ತಿಗೆ ಹಿಡಿದ ನಿನ್ನ ಮಗಳು. "ಮೊದಲನೇದು ತುಂಬಾ ದೊಡ್ಡ ಚೂರಾಯ್ತು ಅಜ್ಜಿ. ಗಿಡಕ್ಕೆ ಏನೂ ಮಾಡಿಲ್ಲ, ಬಕೆಟ್‌ನಲ್ಲಿದೆ" ಅಂದಳು. ನಿಮ್ಮಪ್ಪ ಬಂದು ಬಕೆಟ್ ನೋಡಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಆದರೆ ಮೊಮ್ಮಗಳಿಗೆ ಬೈಯ್ಯೋಕೆ ಅವರಿಗೆ ಯಾವತ್ತು ಬಾಯಿ ಬಂದಿದೆ? "ಪರೀಕ್ಷೆಗೆ ಬೇಕಿತ್ತೇನೋ" ಅಂತ ನನ್ನ ಕಡೆ ದುರುಗುಟ್ಟಿದರು.

ಹತ್ತು ಗಂಟೆಗೆ ಹಾಲ್‌ನಲ್ಲಿ ಸಭೆ. ಐದೇ ಜನ ನಾಗರಿಕರು, ಗಡಿಯಾರದವರನ್ನೂ ಸೇರಿಸಿ. ಅವರು ಎಂದಿನ ಹಾಗೆ ಇಪ್ಪತ್ತು ನಿಮಿಷ ತಡ. ಎಲ್ಲರೂ ಬೆಡ್‌ಶೀಟು ಹೊದ್ದು ತಲೆಯ ಮೇಲೆ ಎಳೆದುಕೊಳ್ಳಬೇಕು, ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗಬಾರದು, ಯಾರೂ ಮಾತಾಡಬಾರದು ಅಂತ ಅಪ್ಪಣೆ ಆಯ್ತು. ಒಬ್ಬೊಬ್ಬರಿಗೆ ಒಂದು ಚೂರು, ಬರೆಯೋಕೆ ನನ್ನ ಹೊಲಿಗೆಯ ಸೀಮೆಸುಣ್ಣ. ನಾನು ನನ್ನ ಚೂರಿನ ಮೇಲೆ "ಕಚೇರಿಯ ಅಧಿಕಾರಿ" ಅಂತ ಬರೆದು ಮುಗಿಸಿದೆ. ಅಷ್ಟರಲ್ಲಿ ಪಕ್ಕದ ಬೆಡ್‌ಶೀಟು ನನ್ನ ಕಡೆ ವಾಲಿತು.

"ಅಮ್ಮಾ, ಸೊಸೆ," ಅಂತ ಪಿಸುಗುಟ್ಟಿತು, "ಡ್ರಾಪ್ಸ್ ಹಾಕಿದ್ದಾರೆ, ಅಕ್ಷರ ಕಾಣ್ತಿಲ್ಲ. ನಂದೂ ನೀನೇ ಬರೆದುಬಿಡು. ನಿಮ್ಮತ್ತೆ ಹೆಸರು."

ನನಗೆ ಮೈಯೆಲ್ಲ ಉರಿದುಹೋಯ್ತು. ಆದರೂ ಧ್ವನಿ ಸಣ್ಣ ಮಾಡಿಕೊಂಡು, "ಅತ್ತೆ ಏನು ಮಾಡಿದ್ರು ಮಾವ?" ಅಂದೆ.

"ಏನೂ ಮಾಡಿಲ್ಲಮ್ಮ. ಎಲ್ಲದರಲ್ಲೂ ಅವಳೇ ಸರಿ ಇರ್ತಾಳಲ್ಲ, ಕೇಳಿ ಕೇಳಿ ಸಾಕಾಗಿದೆ."

ಆ ಅಥೆನ್ಸಿನವನಿಗಿಂತ ನಾನೇನು ಕಡಿಮೆ? ನನ್ನ ಹೆಸರನ್ನು ದುಂಡಗೆ, ಸ್ಪಷ್ಟವಾಗಿ ಬರೆದು ಅವರ ಕೈಗಿಟ್ಟೆ. "ಥ್ಯಾಂಕ್ಸಮ್ಮ, ಯಾರಿಗೂ ಹೇಳ್ಬೇಡ" ಅಂದರು.

ಚೂಟಿ ಬುಟ್ಟಿ ಬಗ್ಗಿಸಿ ಎಣಿಸಿದಳು. ನಿಮ್ಮಪ್ಪನ ಚೂರು, ಅಜ್ಜಿ. ಗಡಿಯಾರದವರ ಚೂರು, ಅಜ್ಜಿ. ಅವರು ತಡವಾಗಿ ಬಂದಾಗಲೆಲ್ಲ ನಾನು ಗಡಿಯಾರ ತೋರಿಸ್ತೀನಲ್ಲ, ಆ ಸೇಡು. ಮೂರನೇದರಲ್ಲಿ "ಅತ್ತೆ" ಅಂತ ಬರೆದು ಪಕ್ಕದಲ್ಲಿ ಪುಟ್ಟದಾಗಿ "ಕ್ಷಮಿಸಿ" ಅಂತ ಇತ್ತು. ಅದು ಯಾರದ್ದು ಅಂತ ಕಂಡುಹಿಡಿಯೋಕೆ ಪತ್ತೇದಾರ ಬೇಕಿರಲಿಲ್ಲ. ನಾಲ್ಕನೇದು ಅಧಿಕಾರಿಗೆ. ಐದನೇದನ್ನು ಅವಳು "ಇದು ಈ ಲೆಕ್ಕಕ್ಕಿಲ್ಲ" ಅಂತ ಫ್ರಾಕಿನ ಜೇಬಿಗೆ ಹಾಕಿಕೊಂಡಳು.

ಹೀಗೆ ನಿಮ್ಮಮ್ಮ ಗಡಿಪಾರಾದಳು. ಸರ್ವಾಧಿಕಾರವೂ ಹೋಯ್ತು. ಹತ್ತು ವರ್ಷಕ್ಕೆ ಹತ್ತು ನಿಮಿಷ, ಟೆರೇಸಿಗೆ. ನನ್ನ ಮುಖ ನೋಡಿ ಚೂಟಿಗೆ ಕನಿಕರ ಬಂತು. ಮೆಟ್ಟಿಲ ತನಕ ಕೈ ಹಿಡಿದುಕೊಂಡು ಬಂದಳು. "ಅಳಬೇಡ ಅಜ್ಜಿ. ನಿನ್ನ ಮಂಚ, ನಿನ್ನ ಹೊಲಿಗೆ ಯಂತ್ರ ಎಲ್ಲ ಹಾಗೇ ಇರುತ್ತೆ, ಯಾರೂ ಮುಟ್ಟಂಗಿಲ್ಲ. ಹತ್ತು ನಿಮಿಷ ಮುಗಿದ ಕೂಡಲೆ ಬಂದು ನಿನ್ನ ಜಾಗದಲ್ಲಿ ಕೂತ್ಕೊಬಹುದು, ಯಾರೂ ಒಂದು ಮಾತು ಅನ್ನಂಗಿಲ್ಲ. ಅಥೆನ್ಸಿನವರು ಒಳ್ಳೇವರು." ನಾನು ಅಳ್ತಿರಲಿಲ್ಲ, ಸಿಟ್ಟು ಬಂದಿತ್ತು ಅಷ್ಟೇ.

ಒಡೆದ ಕುಂಡಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ನಾಲ್ಕು ನಿಮಿಷ ಆಗಿರಬೇಕು, ಯಾರೋ ಕೆಳಗೆ ಬಾಗಿಲು ಬಡಿದರು. ಪೇಪರಿನವನು, ತಿಂಗಳ ಚೀಟಿ ಕೊಡೋಕೆ ಬಂದಿದ್ದ. ಚೂಟಿ ಕಿಟಾರನೆ ಕಿರುಚಿದಳು, "ಪರ್ಷಿಯನ್ನರು ಬಂದ್ರು! ಗಡಿಪಾರಾದವರೆಲ್ಲ ವಾಪಸ್ ಬನ್ನಿ!" ಪುಸ್ತಕದಲ್ಲಿ ಅದೂ ಇದೆ. ಪರ್ಷಿಯಾದ ದೊಡ್ಡ ಸೈನ್ಯ ದಂಡೆತ್ತಿ ಬಂದಾಗ ಅಥೆನ್ಸಿನವರು, ಹತ್ತು ವರ್ಷ ಆಗಲಿ ಬಿಡಲಿ, ಹೊರಗೆ ಹಾಕಿದವರನ್ನೆಲ್ಲ ವಾಪಸ್ ಕರೆಸಿಕೊಂಡರು. ಆ ನ್ಯಾಯವಂತನೂ ಬಂದ. ನಾನೂ ಇಳಿದು ಬಂದೆ. ಪೇಪರಿನವನು ನಾಲ್ಕು ಬೆಡ್‌ಶೀಟುಗಳನ್ನು ನೋಡಿ ಚೀಟಿ ಬಾಗಿಲಲ್ಲೇ ಇಟ್ಟು ಹೋದ.

ಅವತ್ತಿಂದ ಕಚೇರಿಯ ಅಧಿಕಾರಿಗೆ ಮನೆಯಲ್ಲಿ ಪರ್ಷಿಯಾ ಸಾಹೇಬರು ಅಂತ ಹೆಸರಾಗಿದೆ. ಹದಿನೆಂಟಕ್ಕೆ ಅವರೆದುರು ಯಾರ ಬಾಯಿಂದಲೂ ಅದು ಜಾರದಿದ್ದರೆ ಸಾಕು. ಪಾಠ ಮಾತ್ರ ಮಗುವಿಗೆ ಈ ಸಲ ಕರಗತವಾಗಿದೆ. ನಿನ್ನೆ ರೋಮ್ ಯಾಕೆ ಬಿತ್ತು ಅಂತ ಕೇಳಿದೆ. ಐದು ಕಾರಣ ಹೇಳಿ, ಆರನೇದು ಬೇಕಾದ್ರೆ ಗುಂಡಿ ಅಂದಳು.

ಇಷ್ಟೇ ನನ್ನ ದೂರು. ಬೆನ್ನು ನೋಯ್ತಿದೆ, ನಿಲ್ಲಿಸ್ತೀನಿ. ಮರದ ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ನಿನ್ನ ಎದೆಯೂ ಅವಳದ್ದೇ ಹಾಗೆ. ಕೈಬೆರಳು ಜೋಪಾನ. ನಿನ್ನ ಕೈಯಲ್ಲಿ ಹಿಡಿದ ಕೆಲಸ ಎಲ್ಲ ನೆಟ್ಟಗಾಗಲಿ, ನೂರು ವರ್ಷ ಸುಖವಾಗಿರು ಅಂತ ಬಾಯ್ತುಂಬ ಹರಸುವ,

ಗಡಿಪಾರಾಗಿ ನಾಲ್ಕೇ ನಿಮಿಷಕ್ಕೆ ವಾಪಸ್ ಬಂದ
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಡಿಸಿದೆ. ಇಷ್ಟು ಪುಟ ಬರೆದದ್ದು ಇದನ್ನು ಬರೆಯೋದು ತಪ್ಪಿಸಿಕೊಳ್ಳೋಕೆ ಅಂತ ನಿನಗೂ ಗೊತ್ತಾಗಿರುತ್ತೆ.

ಸೋಮವಾರ ಚೂಟಿಯ ಫ್ರಾಕು ಒಗೆಯೋಕೆ ತೆಗೆದೆ. ಜೇಬು ಹರಿದಿತ್ತು. ಹೊಲಿಯೋಣ ಅಂತ ಕೈ ಹಾಕಿದರೆ ಆ ಐದನೇ ಚೂರು ಸಿಕ್ಕಿತು, ಅದರ ಅಂಚಿಗೇ ಜೇಬು ಹರಿದದ್ದು. ನಾವೆಲ್ಲ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಅವಳು ಮೊಳೆ ತಗೊಂಡು ಗೀರಿದ್ದಾಳೆ, ಅಳಿಸಿಹೋಗಬಾರದು ಅಂತ. ಒಂದು ಕಡೆ "ಅಪ್ಪ." ಹಿಂದುಗಡೆ "೧ ವರ್ಷ ೨ ತಿಂಗಳು ಆಯ್ತು."

ಅವಳನ್ನು ಕರೆದು ಕೇಳಿದೆ, "ಅಪ್ಪನ್ನ ಯಾಕೆ ಹೊರಗೆ ಹಾಕ್ತೀಯೇ?"

"ನಾನೆಲ್ಲಿ ಹಾಕ್ದೆ? ಅಪ್ಪ ಹೋಗಿದ್ದಾಗಿದೆಯಲ್ಲ ಅಜ್ಜಿ. ಓಟು ಹಾಕಿ ಕಳಿಸಿದ್ರೆ ವಾಪಸ್ ಬರೋಕೆ ಒಂದು ದಿನ ಇರುತ್ತೆ. ಅಪ್ಪನಿಗೆ ಯಾರೂ ಓಟೇ ಹಾಕಿಲ್ಲ. ಅದಕ್ಕೇ ಯಾವಾಗ ಬರ್ಬೇಕು ಅಂತ ಅಪ್ಪನಿಗೆ ಗೊತ್ತಾಗ್ತಿಲ್ಲ."

ಓಟು ಬಿದ್ದಿತ್ತು ಅಂತ ಅವಳಿಗೆ ಹೇಗೆ ಹೇಳಲಿ? ಅಥೆನ್ಸಿಗೆ ಆರು ಸಾವಿರ ಬೇಕಿತ್ತು. ನಿನ್ನನ್ನು ಹೊರಗೆ ಹಾಕೋಕೆ ನನ್ನದೊಂದೇ ಸಾಕಾಯ್ತು. ಆಸ್ಪತ್ರೆಯ ಬಾಗಿಲ ಹೊರಗೆ ನೀನು ಬರಿಗಾಲಲ್ಲಿ, ಅಂಗಿಯ ತುಂಬ ಮರದ ಪುಡಿ ಮೆತ್ತಿಕೊಂಡು ನಿಂತಿದ್ದೆ. ಒಳಗೆ ಮಗುವಿಗೆ ಉಸಿರು ಸಿಗ್ತಿರಲಿಲ್ಲ. ನಿನ್ನ ಕೆಲಸದ ಜಾಗಕ್ಕೆ ಅವಳನ್ನು ಕರ್ಕೊಂಡು ಹೋಗಿದ್ದೇ ಕಾರಣ ಅಂತ ನಾನೇ ತೀರ್ಮಾನ ಮಾಡಿ, "ಈ ಮಗು ಉಳೀಬೇಕಾದ್ರೆ ನೀನು ಮನೆಯಲ್ಲಿರಬೇಡ, ಹೊರಟು ಹೋಗು" ಅಂದೆ. ಮೂರನೇ ದಿನ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು, ಪುಡಿಯಿಂದ ಆದದ್ದಲ್ಲ, ವಾರದಿಂದ ಎದೆಯಲ್ಲಿ ಸೋಂಕಿತ್ತು ಅಂತ. ನಿನ್ನ ಹೆಂಡತಿ ಇದನ್ನು ನಿನಗೆ ಹೇಳಿರಬೇಕು. ನಾನು ಹೇಳಬೇಕಿತ್ತು. ಹೇಳಲಿಲ್ಲ. ನಿನಗೆ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ತು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದೆ.

ನಿನ್ನೆ ಸಾಯಂಕಾಲ ಆ ಚೂರನ್ನು ಮೇಜಿನ ಮೇಲಿಟ್ಟು ಎಲ್ಲರೆದುರು ಹೇಳಿಬಿಟ್ಟೆ. ನಿಮ್ಮಪ್ಪ ಊಟ ಮಾಡದೆ ಎದ್ದು ಹೋದರು. ನಿನ್ನ ಹೆಂಡತಿ ಮಾತ್ರ, "ಬನ್ನಿ ಅಂದಾಗಲೆಲ್ಲ 'ಅಮ್ಮ ಏನಾದ್ರೂ ಅಂದ್ರಾ' ಅಂತ ಕೇಳ್ತಿದ್ರು ಅತ್ತೆ, ಯಾಕೆ ಅಂತ ನನಗೆ ಗೊತ್ತಿರಲಿಲ್ಲ" ಅಂದಳು. ನೀನು ಯಾರಿಗೂ ಹೇಳಲೇ ಇಲ್ಲ. ಹದಿನಾಲ್ಕು ತಿಂಗಳು ನಿನ್ನಮ್ಮನ ಮಾನ ಕಾಪಾಡಿಕೊಂಡು ಕೂತಿದ್ದೆ. ನನ್ನದು ತಪ್ಪಾಯ್ತು ಕಣೋ.

ನಿನ್ನ ಮಂಚ, ನಿನ್ನ ಉಳಿ, ಮರ ಕೀಸೋ ರಂಧ ಎಲ್ಲ ಹಾಗೇ ಇದೆ, ಯಾರೂ ಮುಟ್ಟಿಲ್ಲ. ಹದಿನೆಂಟಕ್ಕೆ ಪರ್ಷಿಯನ್ನರು ಬರ್ತಾರೆ. ಅದಕ್ಕೆ ಮೊದಲು ಬಾ. ಚೂರನ್ನು ಪುಟ್ಟ ಬಟ್ಟೆಚೀಲದಲ್ಲಿ ಹಾಕಿ ಹೊಲಿದು ಇದರ ಜೊತೆ ಇಟ್ಟಿದ್ದೀನಿ, ಬಿಚ್ಚುವಾಗ ಕೈ ಕುಯ್ದೀತು. ಬರುವಾಗ ಮರೀದೆ ತಾ, ಅವಳು ಕೇಳ್ತಾಳೆ.